ದೊಡ್ಡಮ್ಮನ ಸೋಮಾರಿ ರಿಲೇ

ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್ ರೂಮಿನೊಳಗೆ ಕಾಲಿಟ್ಟರೆ ಸಾಕು, ಊರಿನಲ್ಲಿ ಯಾರು ಯಾರಿಗೆ ಫೋನು ಮಾಡುತ್ತಿದ್ದಾರೆ, ಅವರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಿಬಿಡುತ್ತಿದ್ದೆ. ನಂಬದವರು ಇಲ್ಲಿಯೇ ಪುಟ ಮಗುಚಬಹುದು. ನಂಬುವವರಿಗಾಗಿ ಮುಂದುವರಿಸುತ್ತೇನೆ.

ಆ ಕೋಣೆ ಎಷ್ಟು ದೊಡ್ಡದೆಂದರೆ ಒಂದು ತುದಿಯಲ್ಲಿ ಬೆಳಗಾದಾಗ ಇನ್ನೊಂದು ತುದಿಯಲ್ಲಿ ಇನ್ನೂ ಕತ್ತಲಿರುತ್ತಿತ್ತು. ಆಳೆತ್ತರದ ಕಬ್ಬಿಣದ ಚೌಕಟ್ಟುಗಳು, ಅವುಗಳ ತುಂಬ ಸೆಲೆಕ್ಟರುಗಳು. ನೀವು ಮನೆಯಲ್ಲಿ ಕೂತು ಡಯಲಿನಲ್ಲಿ ನಾಲ್ಕನ್ನು ತಿರುಗಿಸಿ ಬಿಟ್ಟರೆ, ಇಲ್ಲಿ ಒಂದು ಸೆಲೆಕ್ಟರಿನ ಕಡ್ಡಿ ಟಕಟಕನೆ ನಾಲ್ಕು ಮೆಟ್ಟಿಲು ಹತ್ತಿ, ಪಕ್ಕಕ್ಕೆ ಹೊರಳಿ, ಖಾಲಿ ದಾರಿಯೊಂದನ್ನು ಹುಡುಕಿ, ಮುಂದಿನ ಅಂಕಿಗಾಗಿ ಮುಂದಿನ ಸೆಲೆಕ್ಟರನ್ನು ತಿವಿದು ಎಬ್ಬಿಸುತ್ತಿತ್ತು. ಬೆಳಗಿನ ಹೊತ್ತು ಊರಿಗೆ ಊರೇ ಫೋನು ಎತ್ತಿದಾಗ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಹೊಸಬರು ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದರು. ನಾನು ಆ ಗದ್ದಲದ ನಡುವೆ ನಿಂತು, "ಅಗೋ, ಆ ಸಾಲಿನಲ್ಲಿ ಒಂದಕ್ಕೆ ಎಣ್ಣೆ ಒಣಗಿದೆ" ಎನ್ನುತ್ತಿದ್ದೆ. ಹೋಗಿ ನೋಡಿದರೆ ಒಣಗಿರುತ್ತಿತ್ತು. ಒಣಗಿರದಿದ್ದರೆ, ನಾನು ಹೇಳಿದ ಮೇಲೆ ಮರ್ಯಾದೆಗಾದರೂ ಒಣಗುತ್ತಿತ್ತು.

ಅಂಥ ಕೋಣೆಯನ್ನು ಬರುವ ಭಾನುವಾರ ಮುಚ್ಚುತ್ತೇವೆಂದು ದೊಡ್ಡ ಸಾಹೇಬರು ಹೇಳಿದ ದಿನದಿಂದ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಮಹಡಿಯ ಮೇಲಿನ ತಣ್ಣನೆಯ ಗಾಜಿನ ಕೋಣೆಯಲ್ಲಿ ಹೊಸ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದು ಕೂತಿತ್ತು. ನಾಲ್ಕು ಬೀರು, ಒಂದು ಕಂಪ್ಯೂಟರ್ ಪರದೆ, ಅಷ್ಟೇ. ಉಸಿರಾಟದ ಸದ್ದೂ ಇಲ್ಲ. ನನಗೆ ಕೂತರೆ ಕುರ್ಚಿ ಚುಚ್ಚುತ್ತಿತ್ತು, ನಿಂತರೆ ನೆಲ ಸುಡುತ್ತಿತ್ತು. ಕೆಲಸ ಹೋದೀತೆಂಬ ಭಯವಲ್ಲ. ನನ್ನನ್ನು ಮನೆಗೆ ಕಳಿಸಿದರೆ ಮಾರನೆಯ ಬೆಳಿಗ್ಗೆಯೇ ಇಲಾಖೆ ಮಕಾಡೆ ಮಲಗುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಚಿಂತೆ ದೊಡ್ಡಮ್ಮನದು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ನನ್ನನ್ನು ಸಾಕಿದವಳು. ಬಟ್ಟೆ ಕಾರ್ಖಾನೆಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಭೂಮಿಯ ಮೇಲೆ ಓಡಾಡುವ ಅಂಗಿಗಳಲ್ಲಿ ಅರ್ಧದಷ್ಟಕ್ಕೆ ಕಾಜಾ ಅವಳದೇ. ಅದರ ಫಲವಾಗಿ ಬೆರಳುಗಳೆಲ್ಲ ಮಡಚಿಕೊಂಡು ಮುಷ್ಟಿಯಾಗಿಯೇ ಉಳಿದವು, ಕಣ್ಣಿಗೆ ಮಂಜು ಕವಿಯಿತು. ಡಯಲಿನ ತೂತಿಗೆ ಬೆರಳು ಹೋಗದು, ಅಂಕಿ ಕಾಣದು. ಆದರೂ ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗ ತೆವಳಿಕೊಂಡೇ ಬಂದು ನನಗೆ ಫೋನು ಮಾಡಿದಳು. ನಾನು ಗಾಳಿಗಿಂತ ಮುಂಚೆ ತಲುಪಿದೆ. ಗಾಳಿ ಆಮೇಲೆ ಏದುಸಿರು ಬಿಡುತ್ತ ಬಂತು. ಆ ದಿನ ನನ್ನ ಹೆಂಡತಿ ಒಂದು ಷರತ್ತು ಹಾಕಿದಳು.

"ದೊಡ್ಡಮ್ಮ, ನಿಮ್ಮ ಕೈಲಿ ಫೋನು ಮಾಡೋಕೆ ಆಗ್ತಿರೋವರೆಗೆ ನೀವು ಇಲ್ಲೇ ಇರಿ, ನಾನು ಬೇಡ ಅನ್ನಲ್ಲ. ಅದು ಆಗದ ದಿನ ಗಂಟು ಕಟ್ಕೊಂಡು ನಮ್ಮನೆಗೆ ಬರಬೇಕು. ಒಪ್ಪಿಗೇನಾ?"

"ಒಪ್ಪಿಗೆ ಕಣಮ್ಮ. ಆ ದಿನ ಬರೋದಿಲ್ಲ ಬಿಡು."

"ನಮ್ಮನೇಲಿ ನಿನಗೆ ಏನು ಕಮ್ಮಿ?" ಎಂದು ನಾನು ಮುಖ ಊದಿಸಿದೆ.

"ಎಲ್ಲಾ ಇದೆಯಪ್ಪ. ನಾನು ಒಳಗಿಂದ ಚಿಲಕ ಹಾಕ್ಕೊಳ್ಳೋ ಬಾಗಿಲು ಒಂದಿಲ್ಲ."

ಬೆರಳಿಲ್ಲದೆ ಫೋನು ಮಾಡುವುದು ಹೇಗೆ ಎಂದು ನೀವು ಕೇಳಬೇಕು. ಕೇಳದಿದ್ದರೂ ಹೇಳುತ್ತೇನೆ. ಡಯಲಿನಲ್ಲಿ ನಾಲ್ಕು ತಿರುಗಿಸಿದರೆ ಅದು ಮಾಡುವುದು ಇಷ್ಟೇ: ತಂತಿಯನ್ನು ನಾಲ್ಕು ಸಲ ಕಡಿದು ಕೂಡಿಸುತ್ತದೆ. ರಿಸೀವರ್ ಇಡುವ ಜಾಗದ ಗುಂಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟರೂ ಅದೇ ಆಗುತ್ತದೆ. ದೊಡ್ಡಮ್ಮ ಮುಷ್ಟಿಯ ಪಕ್ಕದಿಂದ ಆ ಗುಂಡಿಯನ್ನು ಕುಟ್ಟುತ್ತಾಳೆ. ತೊಂದರೆಯೆಂದರೆ ಅವಳ ಕುಟ್ಟು ಬಲು ನಿಧಾನ. ಬೇರೆ ಯಾವ ಸೆಲೆಕ್ಟರಾದರೂ ಮೊದಲ ಏಟಿಗೇ, ಫೋನು ಇಟ್ಟರು ಎಂದುಕೊಂಡು, ಹತ್ತಿದ್ದನ್ನು ಬಿಟ್ಟು ಕೆಳಗೆ ಬಿದ್ದುಬಿಡುತ್ತಿತ್ತು.

ಅಲ್ಲಿ ನನ್ನ ಕೈಚಳಕ. ಸೆಲೆಕ್ಟರಿನೊಳಗೆ ರಿಲೇ ಎಂಬ ಪುಟ್ಟ ಕಬ್ಬಿಣದ ನಾಲಿಗೆಗಳಿರುತ್ತವೆ. ಕರೆಂಟು ಬಂದರೆ ಅಂಟಿಕೊಳ್ಳುತ್ತವೆ, ಹೋದರೆ ಬಿಡುತ್ತವೆ. ದೊಡ್ಡಮ್ಮನ ಲೈನಿಗೇ ಒಂದು ಬೇರೆ ದಾರಿ ಕಟ್ಟಿ, ಆ ದಾರಿಯಲ್ಲಿ ಕರೆಯನ್ನು ಹಿಡಿದಿಡುವ ರಿಲೇಗಳಿಗೆಲ್ಲ ತಾಮ್ರದ ಬಳೆ ತೊಡಿಸಿ, ಸ್ಪ್ರಿಂಗು ಸಡಿಲಿಸಿ, ಕರೆಂಟು ಹೋದ ಮೇಲೂ ಆಕಳಿಸಿ ಮೈಮುರಿದು ಆಮೇಲೆ ಬಿಡುವ ಹಾಗೆ ಸೋಮಾರಿ ಮಾಡಿಟ್ಟಿದ್ದೆ. ಇಡೀ ಸ್ವಿಚ್ ರೂಮು ಓಡುತ್ತಿದ್ದರೆ ಆ ಮೂಲೆಯೊಂದು ಮಾತ್ರ ದೊಡ್ಡಮ್ಮನ ಜೊತೆ ನಡೆಯುತ್ತಿತ್ತು. ಯಾವ ಮಹಾರಾಜನಿಗೂ ಅಂಥ ಲೈನು ಇದ್ದಿಲ್ಲ. ಸಾಹೇಬರಿಗೆ ಗೊತ್ತಿತ್ತು, ನನ್ನನ್ನು ಕೇಳುವ ಎದೆ ಅವರಿಗಿರಲಿಲ್ಲ. ದೊಡ್ಡಮ್ಮ ಔಷಧಿ ಅಂಗಡಿಗೆ ಕುಟ್ಟುತ್ತಿದ್ದಳು, ನನಗೆ ಕುಟ್ಟುತ್ತಿದ್ದಳು, ದಿನ ತಪ್ಪದೆ ಪ್ಲೀಸಕ್ಕನಿಗೆ ಕುಟ್ಟುತ್ತಿದ್ದಳು.

ಪ್ಲೀಸಕ್ಕ ಎಂದರೆ, ಸೆಲೆಕ್ಟರುಗಳು ಬರುವ ಮುಂಚೆ ನಮ್ಮ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಗ ಯಾರೇ ಫೋನು ಎತ್ತಲಿ, ಬೋರ್ಡಿನಲ್ಲಿ ದೀಪ ಹತ್ತುತ್ತಿತ್ತು, ಇವರು "ನಂಬರ್ ಪ್ಲೀಸ್" ಎಂದು ಕೇಳಿ ವೈರಿನ ತುದಿಯನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುತ್ತಿದ್ದರು. ನಿವೃತ್ತಿಯಾದರೂ ಹೆಸರು ಅಂಟಿಕೊಂಡೇ ಉಳಿಯಿತು. ಅವರಿಗೂ ದೊಡ್ಡಮ್ಮನಿಗೂ ಬಹಳ ಕಾಲದ ಸ್ನೇಹ. ಇಬ್ಬರೂ ಸೇರಿದರೆ ಆಡಿಕೊಳ್ಳುವುದು ನನ್ನನ್ನೇ.

ನಾನು ಮಹಡಿ ಹತ್ತಿದೆ. ಹೊಸ ಎಕ್ಸ್‌ಚೇಂಜಿನ ಎಂಜಿನಿಯರಮ್ಮ ಪರದೆಯ ಮುಂದೆ ಕೂತಿದ್ದರು. ಮಾತಿನಲ್ಲಿ ಮಹಾ ಜಿಪುಣಿ.

"ಮೇಡಂ, ನಿಮ್ಮ ಮೆಷೀನಿಗೆ ಸ್ವಲ್ಪ ತಾಳ್ಮೆ ಕಲಿಸೋಕಾಗುತ್ತಾ?"

"ಯಾಕೆ?"

ದೊಡ್ಡಮ್ಮನ ಕಥೆಯನ್ನೆಲ್ಲ ಹೇಳಿದೆ. ಹೇಳುವಾಗಲೂ ಅವರ ಕುರ್ಚಿಯ ಸುತ್ತ ತಿರುಗುತ್ತಲೇ ಇದ್ದೆ.

"ಬಟನ್ ಫೋನು ಕೊಡಿ."

"ಕೊಟ್ಟು ನೋಡಿದೆ. ಮುಷ್ಟಿ ಇಟ್ರೆ ನಾಲ್ಕು ಬಟನ್ ಒಟ್ಟಿಗೆ ಒತ್ತುತ್ತೆ. ಕಡ್ಡಿ ಹಿಡಿಸಿದ್ರೆ ಯಾವ ಬಟನ್ ಅಂತ ಕಣ್ಣಿಗೆ ಕಾಣಲ್ಲ."

"ಕುಟ್ಟುವಾಗ ಒಂದು ಏಟಿಗೆ ಎಷ್ಟು ಹೊತ್ತು ಒತ್ತಿ ಹಿಡೀತಾರೆ?"

"ಒಂದು ಹೊಲಿಗೆ ಹಾಕೋಷ್ಟು."

"ಅಷ್ಟು ಹೊತ್ತು ಹಿಡಿದ್ರೆ ಕಾಲ್ ಮುಗೀತು ಅಂತ ಇದು ತಿಳ್ಕೊಳ್ಳುತ್ತೆ."

"ತಿಳ್ಕೋಬೇಡ ಅಂತ ಹೇಳಿ."

"ಹೇಳಿದ್ರೆ ಊರಿಗೆಲ್ಲ ಹೇಳಿದ ಹಾಗೆ ಸರ್. ಎಲ್ಲರ ಫೋನೂ ಇಟ್ಟ ಮೇಲೂ ಕಟ್ಟಾಗದೆ ನೇತಾಡುತ್ತೆ. ಒಬ್ಬರಿಗೊಂದು ಲೆಕ್ಕ ಇದರಲ್ಲಿಲ್ಲ."

"ನನ್ನದರಲ್ಲಿತ್ತು."

"ನಿಮ್ಮದು ಕಬ್ಬಿಣ. ಬಗ್ಗಿಸಬಹುದು." ಪರದೆಯಿಂದ ಕಣ್ಣು ಕೀಳದೆ ಇನ್ನೊಂದು ಮಾತು ಖರ್ಚು ಮಾಡಿದರು. "ಬೇರೆ ದಾರಿ ಇದೆಯಾ ನೋಡ್ತೀನಿ. ಭಾನುವಾರದ ಕೆಲಸ ಮುಗೀಲಿ."

ನೋಡ್ತೀನಿ ಎನ್ನುವವರನ್ನು ನಾನು ಬಹಳ ನೋಡಿದ್ದೇನೆ.

ಮನೆಗೆ ಬಂದರೆ ಹೆಂಡತಿ ಆಗಲೇ ದೊಡ್ಡಮ್ಮನ ಬಟ್ಟೆಗೆಂದು ಬೀರುವಿನ ಒಂದು ಅರೆ ಖಾಲಿ ಮಾಡುತ್ತಿದ್ದಳು. ಅದನ್ನು ನೋಡಿ ನಾನು ಕೋಣೆ ಸುತ್ತತೊಡಗಿದೆ.

"ನೀವು ಹೀಗೆ ಸುತ್ತಿದ್ರೆ ನೆಲ ತೂತಾಗುತ್ತೆ. ಕೂತ್ಕೊಳ್ರೀ."

"ಕೂತೇ ಇದೀನಲ್ಲ," ಎಂದೆ, ಬಾಗಿಲಿನಿಂದ ಕಿಟಕಿಗೆ ಹೋಗುತ್ತ.

"ದೊಡ್ಡಮ್ಮ ಬಂದ್ರೆ ನನಗೇನು ಬೇಜಾರಿಲ್ಲ. ಅವರು ಮತ್ತೆ ಬಿದ್ದು, ಯಾರಿಗೂ ಗೊತ್ತಾಗದೆ ಅಲ್ಲೇ ಇದ್ರೆ? ಅದೊಂದೇ ನನಗೆ."

ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತ ನಡೆಯುತ್ತಲೇ ನನಗೆ ಆ ಉಪಾಯ ಹೊಳೆಯಿತು. ಹೊಸ ಮೆಷೀನಿಗೆ ತಾಳ್ಮೆಯಿಲ್ಲ, ನನ್ನ ರಿಲೇಗಿದೆ. ರಿಲೇಯನ್ನೇ ಹೊಸದರ ಬಾಗಿಲಲ್ಲಿ ಕಾವಲಿಗೆ ಕೂರಿಸಿದರೆ? ದೊಡ್ಡಮ್ಮ ಕುಟ್ಟುವಾಗ ಅದು ಲೈನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಮೆಷೀನು ಕಡಿಯುವುದಿಲ್ಲ. ಶನಿವಾರ ಎಲ್ಲರೂ ಮಹಡಿಯಲ್ಲಿ ಗಡಿಬಿಡಿಯಲ್ಲಿದ್ದಾಗ ಆ ಸೋಮಾರಿ ರಿಲೇಗಳಲ್ಲಿ ಒಂದನ್ನು ಬಿಚ್ಚಿ, ಊರಿನ ತಂತಿಗಳೆಲ್ಲ ಬಂದು ಸೇರುವ ದೊಡ್ಡ ಚೌಕಟ್ಟಿನ ಹಿಂದೆ ದೊಡ್ಡಮ್ಮನ ಲೈನಿಗೆ ಕಟ್ಟಿಬಿಟ್ಟೆ. ಕಟ್ಟಿದ್ದು ಎಷ್ಟು ಅಂದವಾಗಿತ್ತೆಂದರೆ ಅದನ್ನು ನೋಡಿದ ಜೇಡವೊಂದು ನಾಚಿಕೊಂಡು ಬೇರೆ ಕಟ್ಟಡಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಹೊಸ ಎಕ್ಸ್‌ಚೇಂಜನ್ನು ತಡೆದು ನಿಲ್ಲಿಸಲು ಒಂದೊಂದು ಲೈನಿಗೂ ಒಂದೊಂದು ಪ್ಲಾಸ್ಟಿಕ್ ಬೆಣೆ ಸಿಗಿಸಿ, ಬೆಣೆಗಳನ್ನೆಲ್ಲ ಸಾಲುಸಾಲಾಗಿ ದಾರಕ್ಕೆ ಪೋಣಿಸಿದ್ದರು. ಸೀಟಿ ಊದಿದ ಕೂಡಲೇ ಕೆಳಗಿನವರು ಹಳೆಯದರ ಫ್ಯೂಸು ಕೀಳಬೇಕು, ಚೌಕಟ್ಟಿನ ಮುಂದೆ ನಿಂತವರು ದಾರ ಎಳೆಯಬೇಕು. ಅಷ್ಟಕ್ಕೆ ಊರು ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟಿಬಿಡುತ್ತದೆ. ನಿವೃತ್ತರನ್ನೂ ಕರೆದಿದ್ದರು. ಪ್ಲೀಸಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಕುರ್ಚಿಯಲ್ಲೇ ಕೂತಿದ್ದರು.

"ಯಾಕೋ ಹಾಗೆ ಕುಣೀತಿದ್ದೀಯ? ಇರುವೆ ಹೊಕ್ಕಿದೆಯಾ?"

"ಜವಾಬ್ದಾರಿ ಅಕ್ಕ. ಎಲ್ಲ ನನ್ನ ತಲೆ ಮೇಲೆ."

"ನನ್ನ ಬೋರ್ಡು ಕಿತ್ತು ಹೊರಗೆ ಹಾಕಿದಾಗ ನೀನೇ ಅಲ್ವಾ ಹೇಳಿದ್ದು, ಇನ್ಮೇಲೆ ಈ ಕೆಲಸಕ್ಕೆ ಮನುಷ್ಯರು ಬೇಡ ಅಂತ?"

"ಹೇಳಿದ್ದೆ. ಅದಕ್ಕೀಗ ಏನು?"

"ಏನಿಲ್ಲ. ಈಗ ನೀನೂ ಮನುಷ್ಯನಾದೆ, ಅದನ್ನ ನೋಡೋಕೆ ಬಂದೆ."

ಸೀಟಿ ಊದಿದರು. ಕೆಳಗೆ ಫ್ಯೂಸು ಕಿತ್ತರು. ಮೇಲಕ್ಕೆ ಹತ್ತಿ ನಿಂತಿದ್ದ ಕಡ್ಡಿಗಳೆಲ್ಲ ಒಮ್ಮೆಗೇ ಕೆಳಗೆ ಬಿದ್ದ ಸದ್ದು ಮೂರು ಊರಿಗೆ ಕೇಳಿಸಿರಬೇಕು. ನಾನು ದಾರ ಎಳೆದೆ, ಬೆಣೆಗಳು ಸರಸರನೆ ಕಳಚಿ ಬಂದವು. ಆಮೇಲೆ ಏನೂ ಇಲ್ಲ. ಜನ ಚಪ್ಪಾಳೆ ತಟ್ಟಿದರು. ನಾನು ಮೊದಲ ಸಲ ಆ ಕಟ್ಟಡದಲ್ಲಿ ಗಡಿಯಾರದ ಸದ್ದು ಕೇಳಿದೆ, ಕೇಳಿ ಹೆದರಿದೆ.

ಓಡಿ ಹೋಗಿ ದೊಡ್ಡಮ್ಮನಿಗೆ ಫೋನು ಮಾಡಿದೆ. ಕೊಂಯ್ ಕೊಂಯ್ ಎಂಬ ಎಂಗೇಜ್ ಸದ್ದು. ಮತ್ತೆ ಮಾಡಿದೆ. ಅದೇ ಸದ್ದು. ಅವಳು ನಮ್ಮನ್ನು ಕರೆಯುವುದು ಇರಲಿ, ನಾವು ಅವಳನ್ನು ಕರೆಯುವುದೂ ನಿಂತಿತ್ತು. ಸಾಹೇಬರ ಭಾಷಣ ಶುರುವಾಗುವ ಮುಂಚೆ ನಾನು ಬೀದಿಯಲ್ಲಿದ್ದೆ. ಬಸ್ಸು ಸಿಕ್ಕಿತು. ಬಸ್ಸಿನೊಳಗೂ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ನಡೆಯುತ್ತಲೇ ಇದ್ದೆ. ಹಾಗೆ ನೋಡಿದರೆ ಅರ್ಧ ದಾರಿಯನ್ನು ನಾನು ನಡೆದೇ ತಲುಪಿದ್ದು. ಕಂಡಕ್ಟರು ಅದಕ್ಕೆ ಟಿಕೆಟ್ಟು ಕಮ್ಮಿ ಮಾಡಲಿಲ್ಲ.

ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ನನ್ನ ಹೆಂಡತಿ ಖಾಲಿ ಚೀಲ ಹಿಡಿದು ನಿಂತಿದ್ದಳು. ಅವಳೂ ಫೋನು ಮಾಡಿ ನೋಡಿ ನೇರ ಬಂದಿದ್ದಳು. ಬಾಗಿಲು ಒಳಗಿನಿಂದ ಹಾಕಿತ್ತು.

"ದೊಡ್ಡಮ್ಮ, ಮಾತು ಅಂದ್ರೆ ಮಾತು. ಫೋನು ಸತ್ತೋಗಿದೆ. ಬಾಗಿಲು ತೆಗೀರಿ," ಎನ್ನುತ್ತಿದ್ದಳು ಹೆಂಡತಿ.

"ಸತ್ತಿಲ್ಲ," ಎಂದಿತು ಒಳಗಿನ ದನಿ. "ಸುಮ್ಮನಿದೆ ಅಷ್ಟೇ."

"ಹೊಟ್ಟೆಗಾದ್ರೂ ಏನಾದ್ರೂ ತಗೊಂಡ್ರಾ?"

"ಕುಟ್ಟೀ ಕುಟ್ಟೀ ಕೈ ಬಿದ್ದುಹೋಯ್ತು. ಅವನೆಲ್ಲಿ, ಆ ಎಕ್ಸ್‌ಚೇಂಜು ಹೊತ್ಕೊಂಡು ತಿರುಗೋನು?"

"ಇಲ್ಲೇ ಇದೀನಿ ದೊಡ್ಡಮ್ಮ. ಒಂದು ಗಳಿಗೆ ತಡಿ, ಸರಿ ಮಾಡಿಸ್ತೀನಿ," ಎಂದವನೇ ಮೆಟ್ಟಿಲಿಳಿದು ದರ್ಜಿಯ ಫೋನು ಕಿತ್ತುಕೊಂಡು ಎಕ್ಸ್‌ಚೇಂಜಿಗೆ ಮಾಡಿದೆ. ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರಿಂದ ಬೇಡವೆನ್ನಲು ಆಗಲಿಲ್ಲ.

"ಸರ್," ಎಂದರು ಎಂಜಿನಿಯರಮ್ಮ, ನಾನು ಬಾಯಿ ತೆರೆಯುವ ಮುಂಚೆಯೇ. "ಒಂದು ಲೈನು ಎತ್ತಿಟ್ಟ ಹಾಗೇ ಇದೆ, ನಂಬರ್ ಬರ್ತಿಲ್ಲ ಅಂತ ಮೆಷೀನು ಅದನ್ನ ಪಕ್ಕಕ್ಕೆ ತಳ್ಳಿದೆ. ಚೌಕಟ್ಟಿನ ಹಿಂದೆ ಹೋಗಿ ನೋಡಿದೆ. ಕಬ್ಬಿಣದ್ದು ಏನೋ ಕೂತಿದೆ. ನೀವು ಇಟ್ಟಿದ್ದಾ?"

"ಸಹಾಯಕ್ಕೆ ಇರಲಿ ಅಂತ."

"ಕುಟ್ಟಿದ್ದನ್ನೆಲ್ಲ ಅದೇ ನುಂಗ್ತಿದೆ. ಒಂದು ಏಟೂ ಈ ಕಡೆ ಬರ್ತಿಲ್ಲ. ಗಂಟೆ ಹೊಡೆಯೋಕೂ ಬಿಡ್ತಿಲ್ಲ."

ರಿಲೇ ತನ್ನ ಕೆಲಸವನ್ನು ಅತಿಯಾಗಿ ಚೆನ್ನಾಗಿ ಮಾಡಿತ್ತು, ಅಷ್ಟೇ. ಹಳೆಯ ಸೆಲೆಕ್ಟರಿನಲ್ಲಿ ಏಟು ಎಣಿಸುವ ಚುರುಕು ರಿಲೇಯೊಂದು ಅದರ ಪಕ್ಕದಲ್ಲಿರುತ್ತಿತ್ತು. ಹಿಡಿದಿಡುವುದು ಮಾತ್ರ ಇದರ ಕೆಲಸ. ಎಣಿಸುವವನನ್ನು ಬಿಟ್ಟು ಹಿಡಿಯುವವನೊಬ್ಬನನ್ನೇ ತಂದು ಕೂರಿಸಿದರೆ ಅದು ತಾನೇ ಏನು ಮಾಡೀತು? ಇಷ್ಟು ನಿಷ್ಠೆಯ ರಿಲೇಯನ್ನು ನನ್ನಂಥವನೇ ಮಾಡಬೇಕು.

"ತೆಗೆದಿದೀನಿ," ಎಂದರು ಆಕೆ. "ಈಗ ಅವರಿಗೆ ಕಾಲ್ ಹೋಗುತ್ತೆ. ಅವರು ಕುಟ್ಟೋದು ಮಾತ್ರ ಆಗಲ್ಲ. ಇನ್ನೊಂದು ದಾರಿ ಸಿಕ್ತು. ಅವರು ರಿಸೀವರ್ ಎತ್ತಿ ಸುಮ್ಮನಿದ್ರೆ, ಸ್ವಲ್ಪ ಹೊತ್ತಿಗೆ ಮೆಷೀನೇ ಒಂದು ನಂಬರಿಗೆ ಹಾಕುತ್ತೆ. ಒಂದೇ ಒಂದು ನಂಬರಿಗೆ. ಯಾವುದು?"

"ಇದನ್ನೂ ಕೇಳಬೇಕಾ? ನನ್ನದು."

ಮೆಟ್ಟಿಲನ್ನು ನಾನು ಹತ್ತಲಿಲ್ಲ, ಮೆಟ್ಟಿಲೇ ನನ್ನನ್ನು ಎತ್ತಿಕೊಂಡು ಹೋಯಿತು. ಬಾಗಿಲಿಗೆ ಬಾಯಿಟ್ಟು ಎಲ್ಲ ವಿವರಿಸಿದೆ. ರಿಸೀವರ್ ಎತ್ತಿದರೆ ಸಾಕು, ನಾನು ಸಿಗುತ್ತೇನೆ. ಬೆಳಿಗ್ಗೆ ಎತ್ತಿದರೆ ನಾನು, ಸಂಜೆ ಎತ್ತಿದರೆ ನಾನು. ಇಂಥ ಭಾಗ್ಯ ಯಾರಿಗುಂಟು?

ಚಿಲಕ ಸರಿಯಿತು. ದೊಡ್ಡಮ್ಮ ಬಾಗಿಲಷ್ಟಗಲ ನಿಂತಳು.

"ಯಾರನ್ನ ಕೇಳಿ ನಿನ್ನ ನಂಬರ್ ಕೊಟ್ಟೆ?"

"ಮತ್ತಿನ್ಯಾರದು ಕೊಡಲಿ?"

"ಪ್ಲೀಸಕ್ಕಂದು."

ನಾನು ಎರಡು ಮೆಟ್ಟಿಲು ಇಳಿದು ಮತ್ತೆ ಹತ್ತಿದೆ. 

"ದೊಡ್ಡಮ್ಮ," ಎಂದಳು ಹೆಂಡತಿ, "ನೀವು ಬಿದ್ರೆ ಅವರು ಬಂದು ಎತ್ತುತ್ತಾರಾ? ಅವರಿಗೇ ನಿಮ್ಮಷ್ಟು ವಯಸ್ಸು."

"ಎತ್ತೋದಿಲ್ಲ ಕಣಮ್ಮ. ಎತ್ತೋರನ್ನ ಕರೀತಾಳೆ. ಇವನಿಗೆ ಹೇಳಿದ್ರೆ ಇವನೊಬ್ಬ ಓಡಿ ಬರ್ತಾನೆ, ಬಂದು ತಾನು ಓಡಿ ಬಂದ ಕಥೆ ಹೇಳ್ತಾನೆ. ಅವಳಿಗೆ ಹೇಳಿದ್ರೆ ಡಾಕ್ಟರು, ಔಷಧಿಯವರು, ನೀನು, ಇವನು, ಎಲ್ಲರಿಗೂ ಸುದ್ದಿ ಮುಟ್ಟುತ್ತೆ. ಬೀಳದ ದಿನ ನನಗೆ ಔಷಧಿ ಅಂಗಡಿ ಬೇಕು ಅಂದ್ರೆ ಇವನೇನು ಮಾಡ್ತಾನೆ? ಅಂಗಡಿ ಬಗ್ಗೆ ಭಾಷಣ."

ಹೆಂಡತಿ ನಗಲಿಲ್ಲ. ನಗದಿರಲು ತುಟಿ ಕಚ್ಚಿಕೊಂಡಿದ್ದಳು, ಅದು ಇನ್ನೂ ಕೆಟ್ಟದ್ದು.

ಮತ್ತೆ ಮೆಟ್ಟಿಲಿಳಿದೆ. ಎಂಜಿನಿಯರಮ್ಮನಿಗೆ ಹೇಳಿದೆ, ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಆಪರೇಟರ್ ಆಗಿದ್ದವರ ಫೋನಿನಿಂದ ಮೂರನೆಯವರನ್ನೂ ಮಾತಿಗೆ ಸೇರಿಸಿಕೊಳ್ಳುವ ಹಾಗೆ ಮಾಡಿಕೊಡುತ್ತೇನೆ, ಅವರು ಹೊರಗೆ ಹೋದಾಗ ಕರೆ ನಿಮ್ಮ ಮನೆಗೆ ಹೊರಳುವ ಹಾಗೂ ಮಾಡುತ್ತೇನೆ ಎಂದರು. ಅಷ್ಟು ಹೊತ್ತಿಗೆ ಮನೆ ಸೇರಿದ್ದ ಪ್ಲೀಸಕ್ಕನಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು.

"ಅಂದ್ರೆ ಅವಳು ಫೋನು ಎತ್ತಿದ ಕೂಡಲೇ ಇಲ್ಲಿ ಗಂಟೆ ಹೊಡೆಯುತ್ತೆ. ಯಾರು ಬೇಕು ಅಂತ ನಾನು ಕೇಳ್ತೀನಿ. ಕೇಳಿ ಸೇರಿಸ್ತೀನಿ. ಅಷ್ಟೇ ತಾನೇ?"

"ಅಷ್ಟೇ ಅಕ್ಕ."

"ಇದಕ್ಕೇನೋ ನಾಲ್ಕು ಬೀರು ತಂದು ಕೂರಿಸಿದ್ದು?"

ಮೇಲೆ ಬಂದಾಗ ದೊಡ್ಡಮ್ಮ ಫೋನಿನ ಮುಂದೆ ಕೂತಿದ್ದಳು. ಎರಡು ಮುಷ್ಟಿಗಳ ನಡುವೆ ರಿಸೀವರನ್ನು ಹಿಡಿದೆತ್ತಿ ಕಿವಿಗೊತ್ತಿಕೊಂಡಳು. ಡಯಲ್ ಟೋನಿನ ಗುಂಯ್ ಸದ್ದು ನನಗೂ ಕೇಳಿಸುತ್ತಿತ್ತು. ಅವಳ ಮುಷ್ಟಿ ಅಭ್ಯಾಸಬಲದಿಂದ ಗುಂಡಿಯ ಕಡೆ ಹೋಯಿತು; ಹೆಂಡತಿ ಮೆಲ್ಲನೆ ಹಿಡಿದು ನಿಲ್ಲಿಸಿದಳು. ಗುಂಯ್ ನಿಂತಿತು. ಒಂದು ಯುಗ ಕಳೆಯಿತು, ಎರಡೂ ಇರಬಹುದು. ನನಗೆ ಕೆಳಗೆ ಓಡಬೇಕೋ ಇಲ್ಲೇ ನಿಲ್ಲಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡುತ್ತಿದ್ದೆ. ಆಮೇಲೆ ಆ ಕಡೆ ಗಂಟೆ ಹೊಡೆಯಿತು.

"ನಂಬರ್ ಪ್ಲೀಸ್," ಎಂದಿತು ದನಿ.

ಬೆಳಗಿನಿಂದ ಬಿಗಿದುಕೊಂಡಿದ್ದ ದೊಡ್ಡಮ್ಮನ ಭುಜ ಕೆಳಗಿಳಿಯಿತು. ಆಮೇಲೆ, "ಯಾರೂ ಬೇಡ ಕಣೇ. ನೀನೇ ಸಾಕು," ಎಂದಳು.

ನನ್ನ ಹೆಂಡತಿ ಖಾಲಿ ಚೀಲವನ್ನು ಸಣ್ಣಗೆ ಮಡಚಿ ಕಂಕುಳಲ್ಲಿಟ್ಟುಕೊಂಡಳು. "ಮನೆಗೆ ಹೋಗೋಣ ಬನ್ನಿ," ಎಂದಳು ನನಗೆ. ದೊಡ್ಡಮ್ಮ ಆಗಲೇ ಮಾತಿನಲ್ಲಿ ಮುಳುಗಿದ್ದಳು. ವಿಷಯ ನಾನೇ ಎಂದು ಮೆಟ್ಟಿಲಿಳಿಯುವಾಗ ಗೊತ್ತಾಯಿತು.

ಈಗ ಮಹಡಿಯ ಗಾಜಿನ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಕೊಟ್ಟಿದ್ದಾರೆ. ನಾನಿಲ್ಲದೆ ಆ ಬೀರುಗಳು ಒಂದು ದಿನವೂ ನಡೆಯವೆಂದು ಎಂಜಿನಿಯರಮ್ಮ ಬಾಯಿಬಿಟ್ಟು ಹೇಳಿಲ್ಲ; ಆಕೆ ಮಾತಿನಲ್ಲಿ ಜಿಪುಣಿಯೆಂದು ಮೊದಲೇ ಹೇಳಿದೆನಲ್ಲ. ಕುರ್ಚಿಯಲ್ಲಿ ನಾನು ಕೂರುವುದು ಕಮ್ಮಿ. ಬೀರುವಿನಿಂದ ಬೀರುವಿಗೆ ತಿರುಗುತ್ತ ಕಿವಿಯಿಟ್ಟು ಕೇಳುತ್ತೇನೆ. ಏನೂ ಕೇಳಿಸುವುದಿಲ್ಲ. ಮತ್ತೆ ತಿರುಗುತ್ತೇನೆ. ನಿನ್ನೆ ಹಾಗೆ ತಿರುಗುತ್ತಿದ್ದಾಗ ಫೋನು ಹೊಡೆಯಿತು.

"ನಿಮಗೊಂದು ಕಾಲ್ ಇದೆ," ಎಂದರು ಪ್ಲೀಸಕ್ಕ. ಡ್ಯೂಟಿಯಲ್ಲಿರುವಾಗ ಅವರು ನನ್ನನ್ನೂ ನೀವು ಎನ್ನುತ್ತಾರೆ. "ನಿಮ್ಮ ದೊಡ್ಡಮ್ಮ ಲೈನಿನಲ್ಲಿದ್ದಾರೆ. ಚಿಕ್ಕದಾಗಿ ಮಾತಾಡೋದಾದ್ರೆ ಮಾತ್ರ ಕೊಡು ಅಂದಿದ್ದಾರೆ. ಕೊಡಲಾ?"

"ಕೊಡಿ," ಎಂದೆ. ಅದಕ್ಕಿಂತ ಚಿಕ್ಕದಾಗಿ ಈ ಭೂಮಿಯ ಮೇಲೆ ಯಾರೂ, ಯಾವ ಕಾಲದಲ್ಲೂ, ಯಾವ ಎಕ್ಸ್‌ಚೇಂಜಿನಲ್ಲೂ ಮಾತಾಡಿದ್ದಿಲ್ಲ.